ಗೊತ್ತು ಎಂಬುದು ಎಷ್ಟು ಗೊತ್ತು?

2019ರ ಜೂನ್ 3ರಂದು ಅಮೆರಿಕದಲ್ಲಿ ಪ್ರಸಾರವಾದ ‘ಜೆಪರ್ಡಿ’ ಕ್ವಿಜ್‌ನಲ್ಲಿ ಕೊನೆಯ ಪ್ರಶ್ನೆ ಬರುವ ಹೊತ್ತಿಗೆ ಮೂವರು ಸ್ಪರ್ಧಿಗಳ ಲೆಕ್ಕ ಹೀಗಿತ್ತು. ಗ್ರಂಥಪಾಲಕಿ ಎಮ್ಮಾ ಬೆಟ್ಚರ್ ಅವರದು 26,600 ಡಾಲರ್. ಸತತ 32 ಆಟ ಗೆದ್ದು ದೇಶಕ್ಕೆಲ್ಲ ಪರಿಚಿತರಾಗಿದ್ದ ಜೇಮ್ಸ್ ಹೋಲ್ಜ್‌ಹೌರ್ ಅವರದು 23,400. ಮೂರನೆಯವರದು 11,000. ಕೊನೆಯ ಪ್ರಶ್ನೆಗೆ ಪ್ರತಿಯೊಬ್ಬರೂ ತಮ್ಮಲ್ಲಿರುವ ಮೊತ್ತದಲ್ಲಿ ಎಷ್ಟನ್ನಾದರೂ ಪಣಕ್ಕಿಡಬಹುದು. ಉತ್ತರ ಸರಿಯಾದರೆ ಅಷ್ಟು ಸೇರುತ್ತದೆ, ತಪ್ಪಾದರೆ ಅಷ್ಟು ಹೋಗುತ್ತದೆ. ಅಲ್ಲಿಯವರೆಗೆ ಹತ್ತಾರು ಸಾವಿರ ಡಾಲರುಗಳನ್ನು ಒಂದೇ ಏಟಿಗೆ ಪಣಕ್ಕಿಟ್ಟು ಹೆಸರಾಗಿದ್ದ ಹೋಲ್ಜ್‌ಹೌರ್ ಆ ದಿನ ಇಟ್ಟದ್ದು ಬರೀ 1,399 ಡಾಲರ್. ಉತ್ತರ ಸರಿಯಾಗಿಯೇ ಇತ್ತು, ಆದರೂ ಸೋತರು. ಬೇಕೆಂದೇ ಸೋತರೆಂದು ಅನುಮಾನಪಟ್ಟವರು ಕಡಿಮೆಯಿರಲಿಲ್ಲ. ಕಾಗದ ಹಿಡಿದು ಕೂತರೆ ಅನುಮಾನ ಎರಡು ನಿಮಿಷವೂ ನಿಲ್ಲುವುದಿಲ್ಲ. ಮುಂದಿರುವ ಬೆಟ್ಚರ್ ತಮ್ಮ ಗೆಲುವು ಭದ್ರವಾಗಲೆಂದು ಹೋಲ್ಜ್‌ಹೌರ್ ಮೊತ್ತದ ಇಮ್ಮಡಿಯಾದ 46,800ನ್ನು ಒಂದು ಡಾಲರಿನಿಂದ ಮೀರುವಂತೆ ಪಣ ಇಡುವುದು ಖಚಿತ. ಅವರು ಇಟ್ಟದ್ದೂ ಸರಿಯಾಗಿ 20,201. ಅಂದರೆ ಬೆಟ್ಚರ್ ಉತ್ತರ ಸರಿಯಾದರೆ ಹೋಲ್ಜ್‌ಹೌರ್ ಎಷ್ಟು ಇಟ್ಟರೂ ಸೋಲುತ್ತಾರೆ; ತಪ್ಪಾದರೆ ಆಕೆ 6,399ಕ್ಕೆ ಇಳಿಯುತ್ತಾರೆ. ಆಗ ಉಳಿಯುವ ಭಯ ಒಂದೇ, 11,000 ಇರುವವರು ಅದನ್ನು ದುಪ್ಪಟ್ಟು ಮಾಡಿಕೊಂಡು 22,000 ತಲುಪುವುದು. 23,400ರಲ್ಲಿ 1,399 ಕಳೆದರೆ 22,001. ತಮ್ಮ ಉತ್ತರ ತಪ್ಪಾದರೂ ಒಂದು ಡಾಲರಿನಿಂದ ಮೇಲಿರಬೇಕೆಂಬ ಲೆಕ್ಕ ಅದು.

ಈ ಲೆಕ್ಕದಲ್ಲಿ ಸಾಮಾನ್ಯ ಜ್ಞಾನದ ಒಂದು ಅಂಶವೂ ಇಲ್ಲ. ಆದರೂ ಇದು ಕ್ವಿಜ್‌ನ ಒಳಗಿನದೇ ಲೆಕ್ಕ. ಟಿವಿ ಕ್ವಿಜ್ ಎಂದರೆ ಯಾರಿಗೆ ಹೆಚ್ಚು ಗೊತ್ತೋ ಅವರು ಗೆಲ್ಲುವ ಆಟ ಎಂದು ಸೋಫಾದ ಮೇಲೆ ಕೂತ ನಾವು ನಂಬಿರುತ್ತೇವೆ. ಹಾಗೆ ನಂಬಿದವರಿಗೆ ಪಣ, ಬಜರ್, ಲೈಫ್‌ಲೈನ್ ಎಲ್ಲವೂ ಟಿವಿಯವರು ರಂಗು ಹಚ್ಚಲು ಸೇರಿಸಿದ ಹೊರ ಸಾಮಾನುಗಳಂತೆ ಕಾಣುತ್ತವೆ. ನನ್ನ ವಾದ ಬೇರೆ. ಈ ಆಟಗಳು ತಿಳಿವಳಿಕೆಯನ್ನು ಪ್ರವೇಶದ ಬಾಗಿಲಲ್ಲೇ ಅಳೆದು ಮುಗಿಸುತ್ತವೆ. ಒಳಗೆ ಬಂದ ಮೇಲೆ ಅಳೆಯುವುದು ಇನ್ನೊಂದನ್ನು: ತನಗೆ ಗೊತ್ತಿರುವುದು ಎಷ್ಟು ಗಟ್ಟಿ, ಗೊತ್ತಿಲ್ಲದ್ದು ಎಲ್ಲಿಂದ ಶುರು ಎಂಬ ಸ್ವಂತ ಅಂದಾಜನ್ನು. ಬಜರ್ ಒತ್ತುವುದೂ ಪಣ ಇಡುವುದೂ ಹಾಟ್ ಸೀಟಿನಿಂದ ದುಡ್ಡು ತೆಗೆದುಕೊಂಡು ಏಳುವುದೂ ಇದೇ ಒಂದು ಅಂದಾಜಿನ ಬೇರೆ ಬೇರೆ ರೂಪಗಳು.

ಮೊದಲು ಬಾಗಿಲಿನ ಮಾತು. ‘ಜೆಪರ್ಡಿ’ಗೆ ಸೇರಬಯಸುವವರು ಆನ್‌ಲೈನಿನಲ್ಲಿ 50 ಪ್ರಶ್ನೆಗಳ ಪರೀಕ್ಷೆ ಬರೆಯಬೇಕು, ಒಂದೊಂದಕ್ಕೆ 15 ಸೆಕೆಂಡು. ವರ್ಷಕ್ಕೆ ಲಕ್ಷದ ಆಸುಪಾಸಿನಲ್ಲಿ ಜನ ಬರೆಯುತ್ತಾರೆ; ಸ್ಟುಡಿಯೊದ ವೇದಿಕೆ ಹತ್ತುವವರು ಕೆಲವು ನೂರು. ಇಷ್ಟು ಬಿಗಿಯಾದ ಜರಡಿಯಲ್ಲಿ ಉಳಿದವರೆಲ್ಲ ಬಹಳ ತಿಳಿದವರೇ. ಎಲ್ಲರಲ್ಲೂ ಇರುವ ಗುಣವೊಂದು ಗೆದ್ದವರನ್ನೂ ಸೋತವರನ್ನೂ ಬೇರ್ಪಡಿಸಲಾರದು. ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಆಟಗಾರರಲ್ಲಿ ಎಲ್ಲರೂ ಎತ್ತರದವರೇ ಆಗಿರುವುದರಿಂದ ಅಲ್ಲಿ ಯಾರು ಗೆಲ್ಲುತ್ತಾರೆಂದು ಹೇಳಲು ಎತ್ತರ ಸಾಲದಲ್ಲ, ಹಾಗೆ. ಇದಕ್ಕೆ ಅಂಕಿಯ ಆಧಾರವೂ ಉಂಟು. ಈ ಆಟವಾಡಬಲ್ಲ ‘ವಾಟ್ಸನ್’ ಎಂಬ ಕಂಪ್ಯೂಟರ್ ವ್ಯವಸ್ಥೆಯನ್ನು ಕಟ್ಟಲು ಹೊರಟ ಐಬಿಎಂ ಸಂಶೋಧಕರು ಹಳೆಯ ಆಟಗಳನ್ನೆಲ್ಲ ಅಳೆದು ನೋಡಿದರು. ಗೆದ್ದವರು ಸಾಮಾನ್ಯವಾಗಿ ಆಟದ 40ರಿಂದ 50 ಶೇಕಡಾ ಪ್ರಶ್ನೆಗಳಿಗೆ ಉತ್ತರಿಸುವ ಅವಕಾಶ ಗಿಟ್ಟಿಸಿ, ಅವುಗಳಲ್ಲಿ 85ರಿಂದ 95 ಶೇಕಡಾ ಸರಿ ಹೇಳುತ್ತಿದ್ದರು. 2004ರಲ್ಲಿ ಸತತ 74 ಆಟ ಗೆದ್ದು ಇಂದಿಗೂ ಮುರಿಯದ ದಾಖಲೆ ಮಾಡಿದ ಕೆನ್ ಜೆನ್ನಿಂಗ್ಸ್ ಅವರ ನಿಖರತೆ ಸುಮಾರು 92 ಶೇಕಡಾ. ಅಂದರೆ ಉಳಿದ ವಿಜೇತರ ಸಾಲಿನಲ್ಲೇ ಇದ್ದರು. ಆದರೆ ಅವರು ಗಿಟ್ಟಿಸಿದ ಪ್ರಶ್ನೆಗಳ ಪ್ರಮಾಣ ಸರಾಸರಿ 62 ಶೇಕಡಾ. ಅವರನ್ನು ಬೇರೆ ಮಾಡಿದ್ದು ಸರಿಯುತ್ತರದ ಪ್ರಮಾಣಕ್ಕಿಂತ ಹೆಚ್ಚಾಗಿ, ಉತ್ತರಿಸುವ ಹಕ್ಕನ್ನು ಎಷ್ಟು ಸಲ ಗೆದ್ದುಕೊಂಡರು ಎಂಬುದು.

ಆ ಹಕ್ಕು ಬರುವುದು ಬಜರ್‌ನಿಂದ. ಪ್ರಶ್ನೆ ಬೋರ್ಡಿನ ಮೇಲೆ ಮೂಡುತ್ತದೆ, ನಿರೂಪಕ ಓದುತ್ತಾನೆ, ಓದು ಮುಗಿದ ಗಳಿಗೆ ತೆರೆಮರೆಯ ಸಿಬ್ಬಂದಿಯೊಬ್ಬರು ಗುಂಡಿಯೊತ್ತಿ ಬಜರ್‌ಗಳಿಗೆ ಜೀವ ಕೊಡುತ್ತಾರೆ, ಬೋರ್ಡಿನ ಅಂಚಿನಲ್ಲಿ ದೀಪ ಬೆಳಗುತ್ತದೆ. ಅದಕ್ಕೆ ಮೊದಲೇ ಒತ್ತಿದವರ ಬಜರ್ ಕಾಲು ಸೆಕೆಂಡು ಸತ್ತುಹೋಗುತ್ತದೆ. 1985ಕ್ಕೆ ಮುಂಚೆ ಈ ನಿಯಮವಿರಲಿಲ್ಲ. ಪ್ರಶ್ನೆ ಅರ್ಧವಿರುವಾಗಲೇ ಒತ್ತಬಹುದಾಗಿತ್ತು. ಆಗ ಬೇಗ ಊಹಿಸಿದವನಿಗೆ ಲಾಭವಿತ್ತು, ಮನೆಯಲ್ಲಿ ನೋಡುವವನಿಗೆ ಪ್ರಶ್ನೆ ಪೂರ್ತಿ ಕೇಳುವ ಭಾಗ್ಯವೂ ಇರಲಿಲ್ಲ. ಈಗ ಮೂವರಿಗೂ ಓದಿಕೊಂಡು ಯೋಚಿಸಲು ಕೆಲವು ಸೆಕೆಂಡು ಸಿಗುತ್ತದೆ, ಬಹಳ ಪ್ರಶ್ನೆಗಳಿಗೆ ಉತ್ತರ ಮೂವರಿಗೂ ಹೊಳೆದಿರುತ್ತದೆ. ಈ ಮಾತನ್ನು ಜೆನ್ನಿಂಗ್ಸ್ ಸ್ವತಃ ಹಲವು ಸಲ ಹೇಳಿದ್ದಾರೆ.

ಹಾಗಾದರೆ ಇದು ಬೆರಳಿನ ವೇಗದ ಪಂದ್ಯವಷ್ಟೇ, ವಿಡಿಯೊ ಗೇಮ್ ಆಡುವ ಹುಡುಗನಿಗೂ ಪ್ರೊಫೆಸರನಿಗೂ ನಡೆಯುವ ಅನ್ಯಾಯದ ಓಟ ಎಂಬ ಆಕ್ಷೇಪ ಸಹಜ. ಇದರಲ್ಲಿ ಒಂದಿಷ್ಟು ನಿಜವಿದೆ. ಆದರೆ ದೀಪ ಕಂಡಮೇಲೆ ಬೆರಳು ಮಿಸುಕಲು ಚುರುಕಾದವರಿಗೂ ಸೆಕೆಂಡಿನ ಐದನೇ ಒಂದು ಭಾಗದಷ್ಟು ಸಮಯ ಹಿಡಿಯುತ್ತದೆ. ಹೀಗಾಗಿ ದೀಪಕ್ಕೆ ಕಾಯುವವರು ಬಹಳ ಸಲ ಸೋಲುತ್ತಾರೆ. ಗೆಲ್ಲುವವರು ನಿರೂಪಕನ ದನಿಯ ಲಯ ಹಿಡಿದು, ಅವನ ಕೊನೆಯ ಅಕ್ಷರ ಎಲ್ಲಿ ಬೀಳುತ್ತದೆ, ತೆರೆಮರೆಯ ಬೆರಳು ಯಾವಾಗ ಒತ್ತುತ್ತದೆ ಎಂದು ಮುಂದಾಗಿ ಎಣಿಸುತ್ತಾರೆ. ಸಂಗೀತ ಕಛೇರಿಯಲ್ಲಿ ಮೃದಂಗದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅದಕ್ಕಿಂತ ಮುಖ್ಯವಾದದ್ದು ಒತ್ತುವ ನಿರ್ಧಾರ. ಒತ್ತಿದ ಮೇಲೆ ಉತ್ತರ ಹೇಳಲು ಐದು ಸೆಕೆಂಡು ಇದೆ, ತಪ್ಪಾದರೆ ಪ್ರಶ್ನೆಯ ಬೆಲೆ ಖಾತೆಯಿಂದ ಕಳೆದುಹೋಗುತ್ತದೆ. ಆದ್ದರಿಂದ ಅನುಭವಿಗಳು ಉತ್ತರ ನಾಲಿಗೆಗೆ ಬರುವ ಮೊದಲೇ, ಅದು ಬರುತ್ತದೆ ಎಂಬ ಭರವಸೆಯ ಮೇಲೆ ಒತ್ತುತ್ತಾರೆ.

ಈ ಭರವಸೆಯನ್ನು ಮನಶ್ಶಾಸ್ತ್ರಜ್ಞರು ಗಂಭೀರವಾಗಿ ಅಧ್ಯಯನ ಮಾಡಿದ್ದಾರೆ. 1965ರಲ್ಲಿ ಜೋಸೆಫ್ ಹಾರ್ಟ್ ಎಂಬ ಸಂಶೋಧಕ, ಪ್ರಶ್ನೆಗೆ ಉತ್ತರ ನೆನಪಾಗದೆ ಸೋತವರನ್ನೇ ‘ಆಯ್ಕೆಗಳನ್ನು ಕೊಟ್ಟರೆ ಗುರುತಿಸುವಿರಾ’ ಎಂದು ಕೇಳಿ, ಅನಂತರ ಆಯ್ಕೆಗಳನ್ನು ಕೊಟ್ಟು ನೋಡಿದರು. ಗುರುತಿಸುತ್ತೇನೆ ಎಂದವರು ಇಲ್ಲ ಎಂದವರಿಗಿಂತ ಹೆಚ್ಚು ಸರಿ ಹೇಳಿದರು. ಅಂದರೆ ನೆನಪು ಕೈಗೆ ಸಿಗದಿರುವಾಗಲೂ ಅದು ಒಳಗಿದೆಯೋ ಇಲ್ಲವೋ ಎಂಬ ಸುಳಿವು ಮನಸ್ಸಿಗೆ ಸಿಕ್ಕಿರುತ್ತದೆ. 1987ರಲ್ಲಿ ಲಿನ್ ರೀಡರ್ ಟಿವಿ ಕ್ವಿಜ್ಜನ್ನೇ ಮಾದರಿಯಾಗಿಟ್ಟುಕೊಂಡು ಪ್ರಯೋಗ ನಡೆಸಿದರು. ಒಂದು ಗುಂಪು ಉತ್ತರವನ್ನೇ ಹೇಳಬೇಕು, ಇನ್ನೊಂದು ಗುಂಪು ತಮಗೆ ಉತ್ತರ ಗೊತ್ತಿದೆಯೇ ಎಂಬುದನ್ನಷ್ಟೇ ಮೊದಲು ತಿಳಿಸಬೇಕು. ಎರಡನೆಯ ಗುಂಪು ಮೊದಲನೆಯದಕ್ಕಿಂತ ಬೇಗ ನಿರ್ಧರಿಸಿತು. ಗೊತ್ತಿದೆ ಎಂಬ ತೀರ್ಪು ಉತ್ತರಕ್ಕಿಂತ ಮುಂಚೆ ಬರುತ್ತದೆ ಎಂದಾಯಿತು. ಬಜರ್ ಅಳೆಯುವುದು ಈ ತೀರ್ಪನ್ನು. ಬೇಗ ಒತ್ತಿ ಬಾಯಿ ತೆರೆದು ನಿಂತವರು ಇದರಲ್ಲಿ ಸೋತವರು. ಗೊತ್ತಿದ್ದೂ ಹಿಂಜರಿದವರೂ ಸೋತವರೇ, ಆದರೆ ಅವರ ಸೋಲು ಕ್ಯಾಮೆರಾಕ್ಕೆ ಕಾಣುವುದಿಲ್ಲ.

ಈ ಒಳಗಿನ ಅಳುಕು ಪ್ರೇಕ್ಷಕರಿಗೆ ಎಷ್ಟು ರುಚಿಸುತ್ತದೆ ಎಂಬುದನ್ನು 1950ರ ದಶಕದ ವಂಚಕರು ಚೆನ್ನಾಗಿ ಅರಿತಿದ್ದರು. ಎನ್‌ಬಿಸಿ ವಾಹಿನಿಯ ‘ಟ್ವೆಂಟಿ-ಒನ್’ ಕ್ವಿಜ್‌ನಲ್ಲಿ ಸ್ಪರ್ಧಿ ತನ್ನ ಪ್ರಶ್ನೆಯ ಕಷ್ಟವನ್ನು ತಾನೇ 1ರಿಂದ 11ರವರೆಗಿನ ಅಂಕದಲ್ಲಿ ಆರಿಸಿಕೊಳ್ಳಬೇಕಿತ್ತು, ಅಂದರೆ ತನ್ನ ಮೇಲೆ ತನಗೆಷ್ಟು ನಂಬಿಕೆ ಎಂದು ಹೇಳಬೇಕಿತ್ತು. ನಿರ್ಮಾಪಕರು ಉತ್ತರಗಳನ್ನು ಮೊದಲೇ ಕೊಟ್ಟರು. ಅಷ್ಟಕ್ಕೇ ನಿಲ್ಲಿಸಲಿಲ್ಲ: ಎಲ್ಲಿ ತಡವರಿಸಬೇಕು, ಎಲ್ಲಿ ಹಣೆಯ ಬೆವರು ಒರೆಸಬೇಕು ಎಂದೂ ಹೇಳಿಕೊಟ್ಟರು. 1956ರ ಕೊನೆಯಲ್ಲಿ ಹರ್ಬರ್ಟ್ ಸ್ಟೆಂಪೆಲ್ ಎಂಬ ಸ್ಪರ್ಧಿ ನಿರ್ಮಾಪಕರ ಅಪ್ಪಣೆಯಂತೆ, ತಮಗೆ ಚೆನ್ನಾಗಿ ಗೊತ್ತಿದ್ದ ಆಸ್ಕರ್ ಪ್ರಶಸ್ತಿಯ ಪ್ರಶ್ನೆಗೆ ತಪ್ಪು ಉತ್ತರ ಹೇಳಿ ಎದುರಾಳಿ ಚಾರ್ಲ್ಸ್ ವ್ಯಾನ್ ಡೊರೆನ್‌ಗೆ ದಾರಿಬಿಟ್ಟರು. 1959ರಲ್ಲಿ ವ್ಯಾನ್ ಡೊರೆನ್ ಅಮೆರಿಕದ ಸಂಸದೀಯ ಸಮಿತಿಯ ಮುಂದೆ ಎಲ್ಲವನ್ನೂ ಒಪ್ಪಿಕೊಂಡರು. ಮರುವರ್ಷ ಕಾನೂನಿಗೆ ತಿದ್ದುಪಡಿ ಬಂದು ಇಂಥ ಮೋಸ ಅಪರಾಧವಾಯಿತು. ‘ಜೆಪರ್ಡಿ’ ಹುಟ್ಟಿದ್ದೇ ಆ ಕೊಳೆಯ ನೆರಳಲ್ಲಿ. ಕ್ವಿಜ್ ಎಂದರೆ ಯಾರೂ ನಂಬದ ಕಾಲ ಬಂತಲ್ಲ ಎಂದು ಅದರ ಸೃಷ್ಟಿಕರ್ತ ಮರ್ವ್ ಗ್ರಿಫಿನ್ ಕೊರಗುತ್ತಿದ್ದಾಗ, ಹಾಗಿದ್ದರೆ ಉತ್ತರಗಳನ್ನು ಮೊದಲೇ ಕೊಟ್ಟುಬಿಡಿ, ಸ್ಪರ್ಧಿಗಳು ಪ್ರಶ್ನೆ ಹೇಳಲಿ ಎಂದು ಹೆಂಡತಿ ಜೂಲಾನ್ ಸೂಚಿಸಿದರಂತೆ. 1964ರ ಮಾರ್ಚ್ 30ರಂದು ಮೊದಲ ಪ್ರಸಾರ. ಇಂದಿಗೂ ಬೋರ್ಡಿನ ಮೇಲಿರುವುದು ಉತ್ತರದ ರೂಪದ ಸುಳಿವು, ಸ್ಪರ್ಧಿ ಹೇಳಬೇಕಾದದ್ದು ‘ಇವರು ಯಾರು’, ‘ಇದು ಏನು’ ಎಂಬ ಪ್ರಶ್ನೆ. ತಮಾಷೆಯ ಅಲಂಕಾರವಷ್ಟೇ ಅದು, ಆಟದ ತಿರುಳಿಗೆ ಅದರಿಂದ ಏನೂ ವ್ಯತ್ಯಾಸವಿಲ್ಲ.

ತಿರುಳು ಇರುವುದು ಪಣದಲ್ಲಿ. ಆರು ವಿಷಯ, ಒಂದೊಂದರಲ್ಲಿ ಐದು ಸುಳಿವು, ಹೀಗೆ ಎರಡು ಸುತ್ತು. ಕೊನೆಯದೊಂದು ಸೇರಿ ಒಟ್ಟು 61. ಇವುಗಳ ನಡುವೆ ಮೂರು ‘ಡೈಲಿ ಡಬಲ್’ಗಳು ಅಡಗಿರುತ್ತವೆ. ಅದನ್ನು ತೆರೆದವರು ಒಬ್ಬರೇ ಉತ್ತರಿಸಬೇಕು, ಎಷ್ಟು ಪಣ ಎಂಬುದನ್ನು ತಾವೇ ಹೇಳಬೇಕು. ಐಬಿಎಂ ತಂಡದ ಲೆಕ್ಕದಂತೆ ಸಾಮಾನ್ಯ ಸ್ಪರ್ಧಿಗಳು ಇವುಗಳಲ್ಲಿ ಸುಮಾರು 64 ಶೇಕಡಾ ಸರಿ ಹೇಳುತ್ತಾರೆ. ಹಾಗಿದ್ದಲ್ಲಿ ಪಣಕ್ಕಿಟ್ಟ ಪ್ರತಿ ನೂರು ಡಾಲರಿಗೆ ಸರಾಸರಿ 28 ಡಾಲರ್ ಲಾಭ. ಬ್ಯಾಂಕಿನ ಠೇವಣಿಗೆ ಯಾರಾದರೂ ಈ ದರ ಕೊಟ್ಟರೆ ಜನ ಒಡವೆ ಒತ್ತೆಯಿಟ್ಟು ತಂದು ಹಾಕುತ್ತಾರೆ. ಆದರೂ ದಶಕಗಳ ಕಾಲ ಬಹುಪಾಲು ಸ್ಪರ್ಧಿಗಳು ಇಲ್ಲಿ ಸಾವಿರವೋ ಎರಡು ಸಾವಿರವೋ ಇಟ್ಟು ಕೈ ತೊಳೆದುಕೊಂಡರು. ಉತ್ತರ ತಿಳಿಯದೆ ಹೀಗೆ ಮಾಡಿದ್ದಲ್ಲ. ಅವರು ತಮ್ಮ ಮೇಲಿನ ನಂಬಿಕೆಯನ್ನು ಅಂಕಿಯಾಗಿ ಬರೆಯಲು ಹೆದರಿದರು. ಲಾಸ್ ವೇಗಸ್‌ನಲ್ಲಿ ಕ್ರೀಡಾ ಬೆಟ್ಟಿಂಗನ್ನೇ ವೃತ್ತಿ ಮಾಡಿಕೊಂಡಿದ್ದ ಹೋಲ್ಜ್‌ಹೌರ್‌ಗೆ ಆ ಹೆದರಿಕೆ ಇರಲಿಲ್ಲ. ಬೋರ್ಡಿನ ತಳದ ದುಬಾರಿ ಸುಳಿವುಗಳನ್ನು ಮೊದಲು ತೆರೆದು, ಡೈಲಿ ಡಬಲ್ ಸಿಗುವಷ್ಟರಲ್ಲಿ ಕೈತುಂಬ ಹಣ ಮಾಡಿಕೊಂಡು, ಅದನ್ನು ದುಪ್ಪಟ್ಟು ಮಾಡಿಕೊಳ್ಳುತ್ತಿದ್ದರು. 32 ಗೆಲುವುಗಳಿಂದ ಅವರು ಗಳಿಸಿದ್ದು 24,62,216 ಡಾಲರ್, ಅಂದರೆ ಆಟಕ್ಕೆ ಸರಾಸರಿ ಸುಮಾರು 77,000. ಅವರು ಬರುವವರೆಗೆ ಒಂದು ದಿನದ ಆಟದ ಅತ್ಯಧಿಕ ಗಳಿಕೆಯ ದಾಖಲೆಯೇ 77,000 ಇತ್ತು, 2010ರಲ್ಲಿ ರೋಜರ್ ಕ್ರೇಗ್ ಮಾಡಿದ್ದು. ಒಬ್ಬರ ಶಿಖರ ಇನ್ನೊಬ್ಬರ ಸರಾಸರಿ ಆಯಿತು! ಜೆನ್ನಿಂಗ್ಸ್ 74 ಗೆಲುವುಗಳಲ್ಲಿ 25,20,700 ಗಳಿಸಿದ್ದರು, ಸರಾಸರಿ 34,000.

ಇಲ್ಲಿ ಬರುವ ಆಕ್ಷೇಪ ಹಳೆಯದು, ಬಿಸಿಯಾದದ್ದು. ಇದು ಜ್ಞಾನವಲ್ಲ, ಜೂಜು. ಸರಸ್ವತಿಯ ಅಂಗಳಕ್ಕೆ ಇಸ್ಪೀಟು ತಂದಂತೆ. ಸುಳಿವುಗಳನ್ನು ಸುಲಭದಿಂದ ಕಷ್ಟಕ್ಕೆ ಜೋಡಿಸಿದ ಬರಹಗಾರರ ಶ್ರಮವನ್ನೂ, ಮನೆಯಲ್ಲಿ ಒಂದೊಂದೇ ಮೆಟ್ಟಿಲು ಹತ್ತುತ್ತಾ ಆಡುವ ಪ್ರೇಕ್ಷಕರ ಸಂತೋಷವನ್ನೂ ಈ ಎಗರಾಟ ಕೆಡಿಸುತ್ತದೆ. 1985ರಲ್ಲಿ ಚಕ್ ಫಾರೆಸ್ಟ್ ವಿಷಯದಿಂದ ವಿಷಯಕ್ಕೆ ಹಾರುತ್ತಾ ಆಡಿದಾಗಲೂ 2014ರಲ್ಲಿ ಆರ್ಥರ್ ಚೂ ಅದನ್ನೇ ಮಾಡಿದಾಗಲೂ ಈ ದೂರು ಬಂದಿತ್ತು. ಪ್ರೇಕ್ಷಕರ ಸಂತೋಷದ ಮಾತನ್ನು ನಾನು ಒಪ್ಪುತ್ತೇನೆ; ಗಿಡುಗನಂತೆ ಬೋರ್ಡಿನ ಮೇಲೆ ಎರಗುವ ಆಟ ನೋಡಲು ಅಷ್ಟು ಸೊಗಸಲ್ಲ. ಜೂಜು ಎಂಬುದನ್ನು ಮಾತ್ರ ಒಪ್ಪಲಾರೆ. ಜೂಜಿನಲ್ಲಿ ದಾಳ ಹೊರಗೆ ಉರುಳುತ್ತದೆ. ಇಲ್ಲಿ ದಾಳ ಆಡುವವನ ತಲೆಯೊಳಗೇ ಇದೆ, ಅದು ಹೇಗೆ ಬೀಳುತ್ತದೆ ಎಂಬುದು ಅವನು ಓದಿದ್ದರ ಮೇಲೆ ನಿಂತಿದೆ. ಹೋಲ್ಜ್‌ಹೌರ್ ಬಾಯಿ ತೆರೆದಾಗ ನೂರಕ್ಕೆ ಸುಮಾರು 97 ಸಲ ಉತ್ತರ ಸರಿಯಿರುತ್ತಿತ್ತು. ದೊಡ್ಡ ಪಣ ಸಣ್ಣ ತಿಳಿವಳಿಕೆಯನ್ನು ಒಂದೇ ಆಟದಲ್ಲಿ ಬಯಲಿಗೆಳೆಯುತ್ತದೆ. ತಮಗೆ ಬೇಸರ ತರಿಸುವ ವಿಷಯಗಳನ್ನು ಕಲಿಯಲು ಅವರು ಗ್ರಂಥಾಲಯದ ಮಕ್ಕಳ ವಿಭಾಗದಲ್ಲಿ ಚಿತ್ರವಿರುವ ಪುಸ್ತಕಗಳನ್ನು ಓದಿದರು ಎಂಬುದು ಪ್ರಸಿದ್ಧ. ತನ್ನ ಅಜ್ಞಾನ ಎಲ್ಲಿದೆ ಎಂದು ಪಟ್ಟಿ ಮಾಡಿಕೊಂಡವರು ಮಾತ್ರ ಹೀಗೆ ಓದಲು ಸಾಧ್ಯ.

ವಾಟ್ಸನ್‌ನ ಪ್ರಸಂಗ ಇದನ್ನು ಇನ್ನೂ ಸ್ಪಷ್ಟ ಮಾಡುತ್ತದೆ. 2011ರ ಫೆಬ್ರವರಿ 14ರಿಂದ 16ರವರೆಗೆ ಪ್ರಸಾರವಾದ ಪಂದ್ಯದಲ್ಲಿ ಅದು ಜೆನ್ನಿಂಗ್ಸ್ ಮತ್ತು ಇನ್ನೊಬ್ಬ ಹೆಸರಾಂತ ವಿಜೇತ ಬ್ರಾಡ್ ರಟರ್ ಇಬ್ಬರನ್ನೂ ಸೋಲಿಸಿತು: 77,147 ಡಾಲರ್ ಎದುರು 24,000 ಮತ್ತು 21,600. ಯಂತ್ರಕ್ಕೆ ಬಜರ್ ತೆರೆದ ಸಂಕೇತ ನೇರವಾಗಿ ವಿದ್ಯುತ್ತಿನಲ್ಲಿ ತಲುಪುತ್ತಿತ್ತು, ಅದರ ಬೆರಳಿಗೆ ಅಳುಕೂ ಇರಲಿಲ್ಲ. ಈ ಅನುಕೂಲ ಸಣ್ಣದಲ್ಲ, ಆ ಗೆಲುವನ್ನು ಬುದ್ಧಿಯ ಗೆಲುವೆಂದು ಹೊಗಳಿದವರು ಇದನ್ನು ಸುಲಭವಾಗಿ ಮರೆತರು. ಆದರೆ ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಅದರ ಒಂದು ಸೋಲು. ಮೊದಲ ಆಟದ ಕೊನೆಯ ಪ್ರಶ್ನೆ ಅಮೆರಿಕದ ನಗರಗಳ ಬಗ್ಗೆ: ಯಾವ ನಗರದ ದೊಡ್ಡ ವಿಮಾನ ನಿಲ್ದಾಣಕ್ಕೆ ಎರಡನೇ ಮಹಾಯುದ್ಧದ ವೀರನ ಹೆಸರೂ ಎರಡನೆಯದಕ್ಕೆ ಆ ಯುದ್ಧದ ಕದನವೊಂದರ ಹೆಸರೂ ಇದೆ? ಸರಿಯುತ್ತರ ಷಿಕಾಗೊ. ವಾಟ್ಸನ್ ಬರೆದದ್ದು ಕೆನಡಾದ ಟೊರಾಂಟೊ, ಅದೂ ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆಗಳೊಂದಿಗೆ. ಪ್ರೇಕ್ಷಕರು ನಕ್ಕರು. ಆದರೆ 36,681 ಡಾಲರ್ ಇದ್ದ ಯಂತ್ರ ಆ ಉತ್ತರದ ಮೇಲೆ ಕಟ್ಟಿದ್ದು 947 ಮಾತ್ರ. ಪಣವನ್ನು ವಿಷಯದ ಹೆಸರಷ್ಟೇ ಕಂಡಾಗ ಇಡಬೇಕು, ಪ್ರಶ್ನೆ ಆಮೇಲೆ. ಎದುರಾಳಿಗಳು ಬಹಳ ಹಿಂದಿದ್ದರು, ಹೆಚ್ಚು ಇಡುವ ಅಗತ್ಯವೂ ಇರಲಿಲ್ಲ ಎಂಬುದು ನಿಜ. ಹಾಗಿದ್ದೂ ಪ್ರತಿಯೊಂದು ಉತ್ತರದ ಜೊತೆ ಅದರ ಮೇಲಿನ ನಂಬಿಕೆ ಎಷ್ಟು ಶೇಕಡಾ ಎಂದು ಲೆಕ್ಕ ಹಾಕಿ, ಅದು ಗೊತ್ತುಮಾಡಿದ ಮಟ್ಟ ಮುಟ್ಟದಿದ್ದರೆ ಬಜರ್ ಒತ್ತದಂತೆ ಅದನ್ನು ಕಟ್ಟಿದ್ದರು. ಸಾವಿರಾರು ಪುಸ್ತಕಗಳ ಮಾಹಿತಿ ತುಂಬುವುದು ಮೊದಲ ಕೆಲಸ. ಆ ಮಾಹಿತಿಯನ್ನು ಎಲ್ಲಿ ನಂಬಬಾರದು ಎಂದು ಕಲಿಸದೆ ಹೋಗಿದ್ದರೆ ಯಂತ್ರ ವೇದಿಕೆಯ ಮೇಲೆ ನಗೆಪಾಟಲಾಗುತ್ತಿತ್ತು.

ಅದೃಷ್ಟದ ಪಾತ್ರವೇನು ಎಂದು ಕೇಳಬಹುದು. ಬೋರ್ಡಿನ ಮೇಲೆ ಬ್ಯಾಲೆ ನೃತ್ಯ ಬರುತ್ತದೋ ಬೇಸ್‌ಬಾಲ್ ಬರುತ್ತದೋ ಯಾರ ಕೈಯಲ್ಲೂ ಇಲ್ಲ. ಒಂದು ಆಟದ ಮಟ್ಟಿಗೆ ಅದೃಷ್ಟ ದೊಡ್ಡದೇ. ಆದರೆ ಅದೃಷ್ಟ ಎಂದು ತೋರುವುದರಲ್ಲೂ ಒಂದು ಪಾಲು ಕಲಿಯಬಹುದಾದದ್ದು: ಡೈಲಿ ಡಬಲ್‌ಗಳು ಮೇಲಿನ ಸಾಲಿನಲ್ಲಿ ತೀರ ಅಪರೂಪ, ಕೆಳಗಿನ ಸಾಲುಗಳಲ್ಲಿ ಹೆಚ್ಚು. ಹಳೆಯ ಆಟಗಳ ದತ್ತಾಂಶವನ್ನೇ ಜಾಲಾಡಿ ತಯಾರಾದವರು ರೋಜರ್ ಕ್ರೇಗ್. ಆರಂಭದಲ್ಲಿ ಹೇಳಿದ ಎಮ್ಮಾ ಬೆಟ್ಚರ್ ಅಂತೂ, ಈ ಕ್ವಿಜ್‌ನ ಸುಳಿವು ಕಷ್ಟವೋ ಸುಲಭವೋ ಎಂದು ಅದರ ಪದಗಳಿಂದಲೇ ಮುಂಚಿತವಾಗಿ ಹೇಳಬಹುದೇ ಎಂಬುದರ ಮೇಲೆ ಸ್ನಾತಕೋತ್ತರ ಪ್ರಬಂಧವನ್ನೇ ಬರೆದವರು. ಎರಡು ತಿಂಗಳ ಕೋಲಾಹಲದ ನಂತರ ಹೋಲ್ಜ್‌ಹೌರ್ ಸೋತದ್ದು ಅದೃಷ್ಟವಂತ ಅನಾಮಿಕೆಗಲ್ಲ ಎನ್ನಲು ಇಷ್ಟು ಸಾಕು. ಪಣದ ಪಾಠ ಕಲಿಯಬಹುದಾದದ್ದು ಎಂಬುದಕ್ಕೆ ಇನ್ನೊಂದು ಸಾಕ್ಷಿ 2020ರ ಜನವರಿಯ ಪಂದ್ಯ. ಸಾರ್ವಕಾಲಿಕ ಶ್ರೇಷ್ಠ ಯಾರು ಎಂದು ತೀರ್ಮಾನಿಸಲು ಜೆನ್ನಿಂಗ್ಸ್, ಹೋಲ್ಜ್‌ಹೌರ್, ರಟರ್ ಮೂವರನ್ನೂ ಎದುರುಬದುರು ನಿಲ್ಲಿಸಿದಾಗ ಗೆದ್ದವರು ಜೆನ್ನಿಂಗ್ಸ್. 2004ರಲ್ಲಿ ಜಾಗರೂಕವಾಗಿ ಆಡುತ್ತಿದ್ದ ಅವರು ಈ ಬಾರಿ ಹೋಲ್ಜ್‌ಹೌರ್ ಅವರ ವಿದ್ಯೆಯನ್ನೇ ಕಲಿತು ಬಂದು ಇದ್ದದ್ದನ್ನೆಲ್ಲ ಪಣಕ್ಕಿಡುತ್ತಿದ್ದರು.

ನಮ್ಮಲ್ಲಿನ ಕ್ವಿಜ್ ಲೋಕಕ್ಕೂ ಈ ಮಾತು ಹೊಸದಲ್ಲ. 1983ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಕರ್ನಾಟಕ ಕ್ವಿಜ್ ಅಸೋಸಿಯೇಷನ್ ಒಂದು ತಲೆಮಾರನ್ನೇ ಬೆಳೆಸಿದೆ. ಇಂದು ಭಾರತದ ತೆರೆದ ಕ್ವಿಜ್‌ಗಳಲ್ಲಿ ‘ಪೌನ್ಸ್’ ಎಂಬ ಪದ್ಧತಿ ರೂಢಿ: ಪ್ರಶ್ನೆ ಬೇರೆ ತಂಡದ ಪಾಲಿಗೆ ಬಂದಿದ್ದರೂ ಉತ್ತರ ಗೊತ್ತೆನಿಸಿದವರು ಚೀಟಿಯಲ್ಲಿ ಬರೆದುಕೊಟ್ಟು ಅಂಕ ಪಡೆಯಬಹುದು, ತಪ್ಪಾದರೆ ಅಂಕ ಕಳೆದುಕೊಳ್ಳಬೇಕು. ಟಿವಿಯ ಥಳುಕು ಇಲ್ಲ, ದುಡ್ಡಿನ ಸುರಿಮಳೆಯೂ ಇಲ್ಲ. ಆದರೂ ಆಟವನ್ನು ಆಟಗಾರರೇ ರೂಪಿಸಿಕೊಂಡಾಗ ಅವರು ಸೇರಿಸಿದ್ದು ಇದನ್ನೇ. ಪಣ ಎಂಬುದು ಟಿವಿಯವರ ಹೊರ ಸಾಮಾನು ಎಂಬ ದೂರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಕಾಣದು. ದೂರದರ್ಶನ ಚಂದನದಲ್ಲಿ 2002ರಿಂದ ಡಾ. ನಾ. ಸೋಮೇಶ್ವರ ನಡೆಸಿಕೊಂಡು ಬರುತ್ತಿರುವ ‘ಥಟ್ ಅಂತ ಹೇಳಿ’ಯ ದಾರಿ ಬೇರೆ. ಅಲ್ಲಿ ಬಹುಮಾನ ಕನ್ನಡ ಪುಸ್ತಕ, ಕಳೆದುಕೊಳ್ಳುವುದು ಹೆಚ್ಚಿಲ್ಲ, ಹಾಗಾಗಿ ತಿಳಿವಳಿಕೆ ತುಸು ನಿರಾಳವಾಗಿ ಹೊರಬರುತ್ತದೆ. ಕಲಿಸುವ ಕಾರ್ಯಕ್ರಮವಾಗಿ ಅದು ‘ಜೆಪರ್ಡಿ’ಗಿಂತ ಮೇಲು ಎಂದೇ ನನ್ನ ಮತ. ಸ್ಪರ್ಧಿಯ ಒಳಗನ್ನು ಒರೆಗೆ ಹಚ್ಚುವುದರಲ್ಲಿ ಅಷ್ಟು ಕಠಿಣವಲ್ಲ.

ಇಷ್ಟಾಗಿಯೂ ಒಂದು ಆಕ್ಷೇಪಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ರಾಜಧಾನಿ, ನದಿ, ಸಿನಿಮಾ, ಪ್ರಶಸ್ತಿ ಎಂದು ಚದುರಿದ ಚೂರುಗಳನ್ನು ಒಟ್ಟುಮಾಡುವುದು ಜ್ಞಾನವೇ ಅಲ್ಲ ಎಂಬುದು ಆ ಆಕ್ಷೇಪ. ಆಳದ ಮಾತು ಬಂದರೆ ಅದು ಸರಿ. ಇಂಗ್ಲಿಷ್ ನಾಟಕಕಾರ ಮಾರ್ಲೋ ಯಾರೆಂದು ಹೇಳಲು ಅವನ ಒಂದು ನಾಟಕವನ್ನೂ ಓದಿರಬೇಕಾಗಿಲ್ಲ. ಹೋಲ್ಜ್‌ಹೌರ್ ಸೋತ ದಿನದ ಕೊನೆಯ ಉತ್ತರ ಅವನೇ ಆಗಿದ್ದ. ಸ್ವಂತ ತಿಳಿವಳಿಕೆಯನ್ನು ತೂಗುವ ಗುಣ ಸಾಮಾನ್ಯ ಜ್ಞಾನದಲ್ಲಿ ಪಳಗಿದರೆ ಆಸ್ಪತ್ರೆಗೋ ನ್ಯಾಯಾಲಯಕ್ಕೋ ತಾನಾಗಿ ದಾಟಿಬರುತ್ತದೆ ಎಂದು ಹೇಳುವ ಧೈರ್ಯವೂ ನನಗಿಲ್ಲ. ನನ್ನ ವಾದದ ವ್ಯಾಪ್ತಿ ಸಣ್ಣದು. ಕ್ವಿಜ್ ಏನನ್ನು ಅಳೆಯುತ್ತದೆಯೋ ಅದು ನೆನಪಿನ ಉಗ್ರಾಣದ ಗಾತ್ರವಲ್ಲ, ಉಗ್ರಾಣದ ಲೆಕ್ಕಪುಸ್ತಕ ಎಷ್ಟು ಸರಿಯಿದೆ ಎಂಬುದು. ಆ ಪುಸ್ತಕ ನೋಡುವವರಿಗೂ ಒಮ್ಮೊಮ್ಮೆ ತೆರೆದುಕೊಳ್ಳುತ್ತದೆ. 2013ರಲ್ಲಿ ಸಮಾಜಶಾಸ್ತ್ರಜ್ಞ ಥಾಮಸ್ ಲಿನ್ನೆಮನ್ ‘ಜೆಪರ್ಡಿ’ ಸ್ಪರ್ಧಿಗಳ ದನಿಯನ್ನು ಅಭ್ಯಸಿಸಿ, ತಪ್ಪು ಉತ್ತರ ಹೇಳುವಾಗ ಮಾತಿನ ಕೊನೆ ಮೇಲೇರುವುದು ಹೆಚ್ಚು ಎಂದು ತೋರಿಸಿದರು. ಹೇಳುವಾಗಲೇ ಅವರಿಗೆ ಅರ್ಧ ಗೊತ್ತಿತ್ತು.

ಕೊನೆಗೆ, ಈ ತೂಕ ಎಲ್ಲರಿಗೂ ಒಂದೇ ತಕ್ಕಡಿಯಲ್ಲಿ ನಡೆಯುವುದಿಲ್ಲ ಎಂಬುದನ್ನು ಹೇಳದೆ ಬಿಡಲಾಗದು. ಹಿಂದೆ ‘ಜೆಪರ್ಡಿ’ಯಲ್ಲಿ ಮೂವರೂ ತಾವು ಗಳಿಸಿದ್ದನ್ನು ಇಟ್ಟುಕೊಳ್ಳುತ್ತಿದ್ದರು, ಬೇಕಾದಷ್ಟು ಸೇರಿದ ಮೇಲೆ ಕೆಲವರು ಬಜರ್ ಮುಟ್ಟುವುದನ್ನೇ ನಿಲ್ಲಿಸುತ್ತಿದ್ದರಂತೆ. 1984ರಲ್ಲಿ ಅಲೆಕ್ಸ್ ಟ್ರೆಬೆಕ್ ನಿರೂಪಣೆಯಲ್ಲಿ ಹೊಸದಾಗಿ ಆರಂಭವಾದಾಗ ಗೆದ್ದವರಿಗೆ ಮಾತ್ರ ಹಣ ಎಂದಾಯಿತು. ಎರಡನೆಯವರಾಗಿ ಉಳಿಯುವುದರಲ್ಲಿ ಹೆಚ್ಚು ಲಾಭವಿಲ್ಲದಾಗ ಧೈರ್ಯ ತಾನಾಗಿ ಬರುತ್ತದೆ. 2000ದಲ್ಲಿ ಶುರುವಾದ ‘ಕೌನ್ ಬನೇಗಾ ಕರೋಡ್‌ಪತಿ’ಯಲ್ಲೂ 2012ರಲ್ಲಿ ಪುನೀತ್ ರಾಜ್‌ಕುಮಾರ್ ಮನೆಮನೆಗೆ ತಲುಪಿಸಿದ ‘ಕನ್ನಡದ ಕೋಟ್ಯಧಿಪತಿ’ಯಲ್ಲೂ ಗಾಳಿ ಬೀಸುವುದು ತದ್ವಿರುದ್ಧ ದಿಕ್ಕಿನಲ್ಲಿ, ಏಕೆಂದರೆ ಎದ್ದು ಹೋದವರಿಗೂ ಕೈಯಲ್ಲಿರುವುದು ಸಿಗುತ್ತದೆ. ಹಿಂದಿಯ ಆಟದ ಹಲವು ಆವೃತ್ತಿಗಳಲ್ಲಿದ್ದ ಮೆಟ್ಟಿಲನ್ನೇ ನೋಡಿ. ಕೈಯಲ್ಲಿ 25 ಲಕ್ಷ ಇದೆ, ಮುಂದಿನ ಪ್ರಶ್ನೆ 50 ಲಕ್ಷದ್ದು, ತಪ್ಪಿದರೆ ಬೀಳುವುದು 3 ಲಕ್ಷದ 20 ಸಾವಿರಕ್ಕೆ. ಬರೀ ಸರಾಸರಿಯ ಗಣಿತ ಕೇಳಿದರೆ, ಉತ್ತರ ಸರಿಯೆಂಬ ನಂಬಿಕೆ 47 ಶೇಕಡಾ ಇದ್ದರೆ ಆಡಬಹುದು. ಆದರೆ ಸಾಲದಲ್ಲಿರುವ ಕುಟುಂಬಕ್ಕೆ ಮೊದಲ 25 ಲಕ್ಷದ ಬೆಲೆ ಎರಡನೆಯ 25 ಲಕ್ಷದ ಬೆಲೆಗಿಂತ ಎಷ್ಟೋ ಪಾಲು ಹೆಚ್ಚು. ಅಂಥವರು 70 ಶೇಕಡಾ ನಂಬಿಕೆಯಿದ್ದರೂ ಏಳುವುದು ಅಳುಕಲ್ಲ. ಬೆಟ್ಟಿಂಗ್ ವೃತ್ತಿಯವರು ಅದೇ ಕುರ್ಚಿಯಲ್ಲಿ 50 ಶೇಕಡಾ ನಂಬಿಕೆಗೆ ಆಡುವುದು ಎದೆಗಾರಿಕೆಯೂ ಅಲ್ಲ. ಆಟ ಬಿಟ್ಟ ಮೇಲೆ ನಿರೂಪಕ ಸ್ಪರ್ಧಿಯನ್ನು, ಈಗ ಸುಮ್ಮನೆ ಒಂದು ಆಯ್ಕೆ ಹೇಳಿ ಎಂದು ಕೇಳುವುದುಂಟು. ಹೇಳಿದ್ದು ಸರಿಯಾದಾಗ ಸಭೆಯೆಲ್ಲ ಅಯ್ಯೋ ಎನ್ನುತ್ತದೆ. ಆ ಹೊತ್ತಿಗೆ ಸ್ಪರ್ಧಿಗೆ ಕಳೆದುಕೊಳ್ಳಲು ಏನೂ ಉಳಿದಿಲ್ಲ, ಹಾಗಾಗಿ ಆ ಊಹೆಗೂ ಒಂದು ನಿಮಿಷ ಮುಂಚೆ ಮಾಡಿದ ನಿರ್ಧಾರಕ್ಕೂ ಯಾವ ಸಂಬಂಧವೂ ಇಲ್ಲ.